ಮೂರನೇ ನೀರು

ಕಾಂಗ್‌ಜಿಯಾಪೋ ಹಳ್ಳಿ
ಒಂಬತ್ತನೇ ತಿಂಗಳ ಒಂಬತ್ತು (ನಿಮ್ಮ ಪಟ್ಟಣದ ಲೆಕ್ಕಕ್ಕೆ 1997ರ ಅಕ್ಟೋಬರ್ 10)

ಮಾಯ್‌ಸುಯಿ,

ನಿನ್ನ ಕಾಗದ ಬಂತು. ಅಂಚೆಯ ಲುವೋ ಅದನ್ನು ಬಿಸಿಲಿಗೆ ಹಿಡಿದು ಒಳಗೇನಿದೆ ಅಂತ ಇಣುಕಿ ಆಮೇಲೆ ಕೊಟ್ಟ. "ಓದಿ ಹೇಳ್ಲಾ ಅಜ್ಜಿ?" ಅಂದ. "ನಿಮ್ಮಪ್ಪನೂ ನಾನೂ ಒಂದೇ ಚಳಿಗಾಲದ ಶಾಲೇಲಿ ಅಕ್ಷರ ತಿದ್ದಿದ್ದು. ಅವನು ಮೂರನೇ ದಿನಕ್ಕೆ ಓಡಿಹೋದ, ನಾನು ಎರಡು ಚಳಿಗಾಲ ಕೂತೆ. ನಡಿ ನಡಿ" ಅಂದೆ.

ಎರಡು ಸಲ ಓದಿದೆ. ಅರ್ಥವಾಗದ್ದಕ್ಕಲ್ಲ, ಅರ್ಥವಾದದ್ದಕ್ಕೆ.

ಆಲೂಗಡ್ಡೆ ಅಗೆಯೋಕೆ ಬರ್ತೀನಿ ಅಂತ ಹೋದ ವರ್ಷವೂ ಅಂದೆ, ಈ ವರ್ಷವೂ ಅಂದೆ. ಬರಲಿಲ್ಲ. ನಿನ್ನಪ್ಪ ಅಮ್ಮ ಶಿನ್‌ಜಿಯಾಂಗ್‌ನಲ್ಲಿ ಹತ್ತಿ ಬಿಡಿಸ್ತಾ ಕೂತಿದ್ದಾರೆ, ಅವರ ನೆಪ ಹತ್ತಿ. ನಿನ್ನ ನೆಪ ಪುಡಿ. ಹಳದಿ ಪುಡಿ ಮಾಡ್ತೀಯಂತೆ, ಅದಕ್ಕೆ ತಾಮ್ರ ಸೇರಿಸಿ ಹಸಿರು ಪುಡಿ ಮಾಡ್ತೀಯಂತೆ, ಆ ಹಸಿರು ಪುಡಿಯ ಪಕ್ಕ ಕ್ರಿಮಿ ಬೆಳೆಸಿ ಸಾಯ್ತವೋ ಇಲ್ಲವೋ ಅಂತ ಕಾಯ್ತಾ ಕೂರ್ತೀಯಂತೆ. ಇದಕ್ಕೆ ಮೂರು ವರ್ಷ, ಸರ್ಕಾರದ ಅನ್ನ. ಆಗಲಿ. ಆದರೆ ಒಂದು ಚಿಟಿಕೆ ಪುಡಿಗೆ ಅಷ್ಟೊಂದು ಮದ್ಯಸಾರ ಯಾಕೆ? ಬಾಟ್ಲಿಗಟ್ಟಲೆ ತರಿಸ್ತಾರೆ ಅಂತ ನೀನೇ ಬರೆದಿದ್ದೀಯ. ನಿಮ್ಮ ಗುವಾನ್ ಮೇಷ್ಟ್ರ ಮೂಗು ಕೆಂಪಗಿದೆಯಾ? ನೋಡಿ ತಿಳಿಸು.

ಇನ್ನೊಂದು ಮಾತು. ಎರಡು ಹಾಳೆ ಕಾಗದದಲ್ಲಿ ಶೆನ್ ಯಾ ಅನ್ನೋ ಹೆಸರು ಹೆಜ್ಜೆ ಹೆಜ್ಜೆಗೂ ಇದೆ. ನನ್ನ ಮೊಣಕಾಲು ಹೇಗಿದೆ ಅನ್ನೋ ಮಾತು ಎಲ್ಲೂ ಇಲ್ಲ. ಯಾರು ಆಕೆ? ನಿಮ್ಮಿಬ್ಬರಿಗೂ ಒಂದೇ ಕೋಣೆ, ಒಂದೇ ಮೇಜು, ಒಬ್ಬರೇ ಮೇಷ್ಟ್ರು, ಒಂದೇ ಪುಡಿ. ಬರೋ ಬೇಸಿಗೆಗೆ ಇಬ್ಬರಲ್ಲಿ ಒಬ್ಬರನ್ನು ಮಾತ್ರ ವಿಶ್ವವಿದ್ಯಾಲಯದಲ್ಲೇ ಪಾಠ ಹೇಳೋಕೆ ಉಳಿಸಿಕೊಳ್ತಾರೆ, ಇನ್ನೊಬ್ಬರು ಊರ ಕಡೆ ಹೊರಡಬೇಕು ಅನ್ನೋದನ್ನ ನೀನು ಕೊನೇ ಸಾಲಲ್ಲಿ, ಇರುವೆಯಷ್ಟು ಅಕ್ಷರದಲ್ಲಿ ಬರೆದಿದ್ದೀಯ. ಒಂದು ಮೂಳೆ, ಎರಡು ನಾಯಿ. ಇದನ್ನ ನಾವು ದೊಡ್ಡ ಅಕ್ಷರದಲ್ಲಿ ಬರೀತೀವಿ. ನಿನ್ನ ಪಾಲಿಗೆ ಊರ ಕಡೆ ಅಂದ್ರೆ ನಮ್ಮ ಜಿಲ್ಲೆಯ ಗೊಬ್ಬರದ ಕಾರ್ಖಾನೆ, ಮರೀಬೇಡ. ಅಲ್ಲಿಂದ ಬರೋರು ಮಂಚ ಹತ್ತಿದ ಮೇಲೂ ಹೊರಳಿ ಹೊರಳಿ ಕೆಮ್ಮೋದು ನೋಡಿದ್ದೀಯ.

ಆ ಹುಡುಗೀನ ಸ್ವಲ್ಪ ಓರೆಗಣ್ಣಲ್ಲಿ ನೋಡ್ತಿರು.

ಮೊಣಕಾಲು ನೋಯ್ತಿರುವ
ನಿನ್ನ ಅಜ್ಜಿ


ಲಾನ್‌ಝೋ
ನವೆಂಬರ್ 16, 1997

ಅಜ್ಜಿ,

ಮೊಣಕಾಲು ಹೇಗಿದೆ? ನೋಡಿ, ಮೊದಲ ಸಾಲಿನಲ್ಲೇ ಕೇಳಿದ್ದೇನೆ.

ಗುವಾನ್ ಮೇಷ್ಟ್ರ ಮೂಗು ಎಲ್ಲರ ಮೂಗಿನ ಹಾಗೇ ಇದೆ. ಮದ್ಯಸಾರ ಕುಡಿಯುವುದಕ್ಕಲ್ಲ, ಬೇಯಿಸುವುದಕ್ಕೆ ಮತ್ತು ತೊಳೆಯುವುದಕ್ಕೆ. ಕಹಿ ಬಾದಾಮಿಯ ವಾಸನೆ ಬರುವ ಒಂದು ಎಣ್ಣೆಯನ್ನೂ ಇನ್ನೊಂದು ವಸ್ತುವನ್ನೂ ಮದ್ಯಸಾರದಲ್ಲಿ ಕುದಿಸಿದರೆ ಹಳದಿ ಹರಳು ಬೀಳುತ್ತದೆ. ಅದಕ್ಕೆ ಷಿಫ್ ಬೇಸ್ ಅಂತ ಹೆಸರು. ಷಿಫ್ ಅಂದರೆ ಅದನ್ನು ಮೊದಲು ಮಾಡಿದ ಜರ್ಮನಿಯವರು, ಸತ್ತು ಬಹಳ ಕಾಲವಾಯಿತು, ಅವರ ಮೇಲೆ ಅನುಮಾನ ಬೇಡ. ಆ ಹಳದಿ ವಸ್ತುವಿಗೆ ತಾಮ್ರ, ಕೋಬಾಲ್ಟ್, ನಿಕ್ಕಲ್, ಸತು ಇವುಗಳಲ್ಲಿ ಒಂದೊಂದನ್ನು ಕೊಟ್ಟರೆ ಏಡಿ ಕೊಂಡಿಯಲ್ಲಿ ಕಾಳು ಹಿಡಿದ ಹಾಗೆ ಲೋಹವನ್ನು ಹಿಡಿದುಕೊಳ್ಳುತ್ತದೆ. ಆಗ ಬಣ್ಣ ಬದಲಾಗುತ್ತದೆ. ಆಮೇಲೆ ಸೋಸಿ, ಮದ್ಯಸಾರದಲ್ಲಿ ತೊಳೆದು, ಒಣಗಿಸಿ ಇಡುತ್ತೇವೆ.

ಕುದಿಸುವಾಗ ಆವಿ ಹಾರಿಹೋಗದಿರಲಿ ಅಂತ ಫ್ಲಾಸ್ಕಿನ ತಲೆಯ ಮೇಲೆ ಗಾಜಿನ ಕೊಳವೆ ನಿಲ್ಲಿಸಿ ಅದರ ಸುತ್ತ ನಲ್ಲಿ ನೀರು ಹರಿಸುತ್ತೇವೆ. ಕೊಳವೆ ತಣ್ಣಗಿದ್ದರೆ ಸಾಕು, ಆ ನೀರಿಗೆ ಬೇರೆ ಕೆಲಸವಿಲ್ಲ. ಇಡೀ ದಿನ ಚರಂಡಿಗೆ ಹೋಗುತ್ತಿರುತ್ತದೆ. ಬಂದ ಹೊಸದರಲ್ಲಿ ನನಗೆ ನೋಡಲಾಗಲಿಲ್ಲ. ಕೆಳಗೆ ಬಕೆಟ್ ಇಟ್ಟೆ. ಈಗಲೂ ಆ ನೀರಿನಲ್ಲೇ ನೆಲ ಒರೆಸುತ್ತೇನೆ, ಬಟ್ಟೆ ಒಗೆಯುತ್ತೇನೆ. ಎಲ್ಲರೂ ನನ್ನನ್ನು "ಬಕೆಟ್" ಅಂತಲೇ ಕರೆಯುವುದು. ಶೆನ್ ಯಾ ದಕ್ಷಿಣದ ಹುಝೋ ಕಡೆಯವಳು. "ನಮ್ಮೂರಲ್ಲಿ ಬಾಗಿಲು ತೆಗೆದರೆ ಕಾಲುವೆ, ಬೇಡ ಅಂದರೂ ನೀರು ಒಳಗೇ ಬರುತ್ತೆ, ನಿಮ್ಮಜ್ಜಿಗೆ ಒಂದು ಪಾರ್ಸಲ್ ಮಾಡ್ಲಾ?" ಅಂತ ನಗುತ್ತಾಳೆ.

ಸಂತೋಷದ ಸುದ್ದಿ: ನನ್ನ ತಾಮ್ರದ ಪುಡಿ ಕ್ರಿಮಿಗಳನ್ನು ಕೊಲ್ಲುತ್ತಿದೆ. ಕ್ರಿಮಿ ಹರಡಿದ ತಟ್ಟೆಯ ಮೇಲೆ ಪುಡಿಯಲ್ಲಿ ಅದ್ದಿದ ಚಿಕ್ಕ ಕಾಗದದ ಬಿಲ್ಲೆ ಇಟ್ಟರೆ ಮಾರನೇ ದಿನ ಬಿಲ್ಲೆಯ ಸುತ್ತ ಏನೂ ಬೆಳೆಯದ ಬೋಳು ವೃತ್ತ ಕಾಣುತ್ತದೆ. ವೃತ್ತ ಅಗಲವಾದಷ್ಟೂ ಪುಡಿ ಬಲವಾದದ್ದು. ನನ್ನದು ಐದು ಫೆನ್ ನಾಣ್ಯದಷ್ಟು ಅಗಲ! ಮೇಷ್ಟ್ರು ಅಳತೆಪಟ್ಟಿ ಇಟ್ಟು ತಾವೇ ಅಳೆದರು. ಪತ್ರಿಕೆಗೆ ಲೇಖನ ಕಳಿಸೋಣ ಅಂದರು.

ಶೆನ್ ಯಾ ಅದೇ ವಿಧಾನದಲ್ಲಿ ಅದೇ ಪುಡಿ ಮಾಡಿದಳು. ಅವಳ ಬಿಲ್ಲೆಯ ಸುತ್ತ ಏನೂ ಇಲ್ಲ. ಮತ್ತೆ ಮಾಡಿದಳು. ಮತ್ತೂ ಇಲ್ಲ. ಪಾಪ.

ನಿಮ್ಮ
ಮಾಯ್‌ಸುಯಿ


ಕಾಂಗ್‌ಜಿಯಾಪೋ
ಹನ್ನೊಂದನೇ ತಿಂಗಳ ಇಪ್ಪತ್ಮೂರು, ನಡು ಚಳಿಗಾಲದ ಹಬ್ಬ (ಡಿಸೆಂಬರ್ 22)

ಮಾಯ್‌ಸುಯಿ,

ಚಳಿಗೆ ಕಿವಿ ಉದುರಬಾರದು ಅಂತ ಹಬ್ಬದ ಪದ್ಧತಿಯಂತೆ ಇವತ್ತು ಕಡುಬು ತಿಂದೆ. ಒಬ್ಬಳೇ ಅಲ್ಲ, ಲುವೋ ವಾಸನೆ ಹಿಡಿದು ಬಂದ. ಅವನಿಗೂ ಎಂಟು ಹೋಯ್ತು.

ಪಾಪ ಅಂದಿದ್ದೀಯ. ಆ ಪದ ನನಗೆ ಸೇರಲಿಲ್ಲ.

ಕೇಳು. ಒಂದೇ ಹಿಟ್ಟು, ಒಂದೇ ಒಲೆ, ಒಬ್ಬಳ ರೊಟ್ಟಿ ಉಬ್ಬಿತು ಇನ್ನೊಬ್ಬಳದ್ದು ಉಬ್ಬಲಿಲ್ಲ ಅಂದರೆ ಮಧ್ಯೆ ಯಾರದೋ ಕೈ ಇದೆ. ನಾನೂ ನನ್ನ ಓರಗಿತ್ತಿಯೂ ಒಂದೇ ದಿನ ಜಾಡಿಗೆ ಹುಳಿ ಸೊಪ್ಪು ಹಾಕಿದ್ದೆವು. ಅವಳದ್ದು ಕೊಳೆತು ನಾರಿತು. ನಾನು ಅದರೊಳಗೆ ಉಗುಳಿದೆ ಅಂತ ಊರೆಲ್ಲ ಹೇಳಿಕೊಂಡು ಬಂದಳು. ಉಗುಳಿರಲಿಲ್ಲ. ಉಗುಳಬೇಕು ಅನ್ನಿಸಿತ್ತು. ಅದಕ್ಕೇ ಹೇಳ್ತೀನಿ, ಎದುರು ಬದುರು ಕೂತ ಇಬ್ಬರು ಹೆಂಗಸರ ಹೊಟ್ಟೆಯೊಳಗೆ ಏನಿರುತ್ತೆ ಅಂತ ನಿನ್ನ ಜರ್ಮನಿಯವನಿಗಿಂತ ನನಗೆ ಚೆನ್ನಾಗಿ ಗೊತ್ತು.

ಅವಳು ಬೇಕಂತಲೇ ಕೆಡಿಸ್ತಿದ್ದರೆ? "ನೋಡಿ ಮೇಷ್ಟ್ರೇ, ನಾನೂ ಅದೇ ಪುಡಿ ಮಾಡಿದೆ, ಏನೂ ಸಾಯಲಿಲ್ಲ, ಹಂಗಾದ್ರೆ ಬಕೆಟ್ ಹೇಳ್ತಿರೋದು ಸುಳ್ಳು" ಅಂತ ನಾಳೆ ಬಾಯಿಬಿಟ್ಟರೆ? ತಾನು ಗೆಲ್ಲೋಕೆ ಆಗದಿದ್ದರೆ ನಿನ್ನ ಸೋಲಿಸಿದರೂ ಅವಳಿಗೆ ಲಾಭವೇ. ತನ್ನ ಜಾಡಿಗೆ ತಾನೇ ಉಗುಳಿಕೊಳ್ಳೋರನ್ನೂ ನಾನು ಕಂಡಿದ್ದೀನಿ.

ಪುಡಿಗೆ ಬೀಗ ಹಾಕು. ಹೊಸ ವರ್ಷಕ್ಕೆ ಬರುವಾಗ ಅವಳನ್ನೂ ಕರಕೊಂಡು ಬಾ. ರೈಲು ಟಿಕೆಟ್ ಸಿಕ್ಕದೆ ಅವಳು ಊರಿಗೆ ಹೋಗಲ್ಲ ಅಂತ ಹಿಂದೊಂದು ಕಾಗದದಲ್ಲಿ ಬರೆದಿದ್ದೆಯಲ್ಲ. ಮುಖ ನೋಡಬೇಕು.

ಕಣ್ಣು ಇನ್ನೂ ಕಾಣಿಸುವ
ನಿನ್ನ ಅಜ್ಜಿ


ಲಾನ್‌ಝೋ
ಜನವರಿ 12, 1998

ಅಜ್ಜಿ,

ಕರೆದುಕೊಂಡು ಬರುತ್ತಿದ್ದೇನೆ. ಅವಳ ಎದುರಿಗೆ ಅವಳಪ್ಪನ ಸಂಬಳ ಕೇಳಬೇಡಿ. ದಕ್ಷಿಣದವರು ಅನ್ನ ತಿಂದು ತಿಂದು ಕುಳ್ಳಗಾಗಿದ್ದಾರೆ ಅನ್ನಬೇಡಿ. ಅವಳ ಚೀಲ ಬಿಚ್ಚಿ ನೋಡಬೇಡಿ. ಅವಳು ನನ್ನ ಸ್ನೇಹಿತೆ.

ಮಾಯ್‌ಸುಯಿ


ಕಾಂಗ್‌ಜಿಯಾಪೋ
ಮೊದಲ ತಿಂಗಳ ಹದಿನೇಳು, ದೀಪದ ಹಬ್ಬ ಕಳೆದು ಎರಡು ದಿನ (ಫೆಬ್ರವರಿ 13)

ಮಾಯ್‌ಸುಯಿ,

ನೀವಿಬ್ಬರೂ ಹೋದಮೇಲೆ ಮನೆ ತಣ್ಣಗಾಗಿದೆ. ಇಟ್ಟಿಗೆ ಮಂಚದ ಅಡಿಯ ಒಲೆಗೆ ಎಷ್ಟು ಸೆಗಣಿ ಬೆಂಕಿ ಹಾಕಿದರೂ ಅಷ್ಟೇ.

ಅವಳಪ್ಪನ ಸಂಬಳ ಕೇಳಲಿಲ್ಲ. ಅಮ್ಮನದು ಕೇಳಿದೆ. ಚೀಲ ಬಿಚ್ಚಲಿಲ್ಲ, ಅದು ತಾನೇ ಬಿಚ್ಚಿಕೊಂಡಿತ್ತು.

ಹುಡುಗಿ ನೋಡೋಕೆ ಲಕ್ಷಣವಾಗಿದ್ದಾಳೆ, ಮಾತೂ ಮೆತ್ತಗೆ. ಮೆತ್ತಗಿನ ಮಾತು ನನಗೆ ಮೊದಲಿಂದ ಆಗಲ್ಲ. ಅದರಡಿಗೆ ಏನು ಬೇಕಾದರೂ ಬಚ್ಚಿಡಬಹುದು. ಕೆಲಸಕ್ಕೆ ಓಡಿ ಬರ್ತಾಳೆ, ಸರಿ. ಆದರೆ ನೀರು ಖರ್ಚು ಮಾಡೋದು ನೋಡಿದರೆ ನಮ್ಮ ಮನೆ ಬಾವಿಕುಣಿಗೆ ಮಳೆ ನೀರಲ್ಲ, ಹಳದಿ ನದಿಯೇ ಇಳಿದಿದೆ ಅಂದುಕೊಂಡ ಹಾಗಿತ್ತು.

ಅದಿರಲಿ. ಮೂರನೇ ದಿನ ನೀವು ಒಲೆ ಮುಂದೆ ಚಹಾ ಕಾಯಿಸ್ತಾ ಕೂತಾಗ ನಾನು ಆಚೆ ಕೋಣೇಲಿ ನಿದ್ದೆ ಮಾಡ್ತಿರಲಿಲ್ಲ, ಗೊರಕೆ ಮಾತ್ರ ಹೊಡೀತಿದ್ದೆ. ಅವಳು ನಿನ್ನ ಕೇಳಿದಳು: "ಬಕೆಟ್, ನೀನು ಹ್ಯಾಗೆ ಮಾಡ್ತೀಯ, ಮೊದಲಿಂದ ಒಂದ್ಸಲ ಹೇಳೇ. ಎಷ್ಟು ಹೊತ್ತು ಕುದಿಸ್ತೀಯ? ಎಷ್ಟು ನಿಧಾನಕ್ಕೆ ತಾಮ್ರ ಹಾಕ್ತೀಯ?" ನೀನು ಎಲ್ಲ ಹೇಳಿದೆ, ದೇವರ ಮುಂದೆ ಹೇಳಿದ ಹಾಗೆ. ಒಂದೇ ಮೇಷ್ಟ್ರು ಕೊಟ್ಟ ಒಂದೇ ವಿಧಾನ ಇಟ್ಟುಕೊಂಡವಳು ನಿನ್ನ ಯಾಕೆ ಕೇಳಬೇಕು? ಊರ ದಾರಿ ಗೊತ್ತಿದ್ದೂ ದಾರಿ ಕೇಳೋನು ಮನೆ ನೋಡೋಕೆ ಬಂದವನು.

ಅದಕ್ಕೆ ನಾನು ನಿಮ್ಮ ಗುವಾನ್ ಮೇಷ್ಟ್ರಿಗೆ ಒಂದು ಕಾಗದ ಬರೆದೆ. ಕಿರುಚಬೇಡ. ಸಭ್ಯವಾಗೇ ಬರೆದಿದ್ದೀನಿ. ನನ್ನ ಮೊಮ್ಮಗಳ ಪುಡಿ ಮೇಲೆ ಒಬ್ಬರ ಕಣ್ಣಿದೆ, ಶೆನ್ ಅನ್ನೋ ಹುಡುಗಿ ತನ್ನ ಪುಡಿ ತಾನೇ ಕೆಡಿಸಿಕೊಳ್ತಿರಬಹುದು, ಬೀಗದ ಕೈ ನೀವೇ ಇಟ್ಟುಕೊಳ್ಳಿ ಅಂದೆ. ಎರಡು ಕಿಲೋ ಅಗಸೆ ಎಣ್ಣೆಯೂ ಕಳಿಸಿದೆ.

ನಿನ್ನ ಒಳ್ಳೇದಕ್ಕೇ ಬದುಕಿರುವ
ಅಜ್ಜಿ


ಲಾನ್‌ಝೋ
ಮಾರ್ಚ್ 8, 1998

ಅಜ್ಜಿ,

ನೀವು ಎಂಥ ಕೆಲಸ ಮಾಡಿದಿರಿ! ನಿಮ್ಮ ಕಾಗದವನ್ನು ಮೇಷ್ಟ್ರು ಎಲ್ಲರ ಮುಂದೆ ನಗುನಗುತ್ತಾ ಗಟ್ಟಿಯಾಗಿ ಓದಿದರು. "ಕಾಂಗ್ ಅಜ್ಜಿಯವರನ್ನು ನಮ್ಮ ವಿಭಾಗದ ಕಾವಲಿಗೆ ಇಟ್ಟುಕೊಳ್ಳೋಣವೇ?" ಅಂದರು. ಎಲ್ಲರೂ ನಕ್ಕರು. ಶೆನ್ ಯಾಳೂ ನಕ್ಕಳು, ಅವಳ ಕಿವಿ ಮಾತ್ರ ಕೆಂಪಗಿತ್ತು. ಅಂದು ಸಂಜೆ ಮೇಷ್ಟ್ರು ಬೀರುವಿನ ಬೀಗದ ಕೈಯನ್ನು ಅವಳಿಂದ ತೆಗೆದುಕೊಂಡು ನನಗೆ ಕೊಟ್ಟರು. "ಏನಿಲ್ಲ, ಸುಮ್ಮನೆ" ಅಂದರು.

ಈಗ ಅವಳು ಏನು ಮಾಡಿದರೂ ತಪ್ಪು. "ನಿನ್ನ ಕೈಯೇ ಸರಿ ಇಲ್ಲ" ಅಂತ ಮೇಷ್ಟ್ರು ಮುಖದ ಮೇಲೇ ಅಂದರು. ಅವಳ ಪ್ರಬಂಧ ನಿಂತಿದೆ. ನನ್ನ ಜೊತೆ ಮಾತು ಕಮ್ಮಿ. ನಿಮ್ಮ ಮೇಲೆ ನನಗೆ ತುಂಬ ಕೋಪ ಬಂದಿದೆ.

ಲೇಖನ ಬರೆದು ಮುಗಿಸಿದ್ದೇನೆ. ಉಳಿಸಿಕೊಳ್ಳುವ ಜಾಗಕ್ಕೆ ನನ್ನ ಹೆಸರನ್ನೇ ಮೇಲೆ ಕಳಿಸುವುದಾಗಿ ಮೇಷ್ಟ್ರು ಹೇಳಿದ್ದಾರೆ.

ಮಾಯ್‌ಸುಯಿ


ಕಾಂಗ್‌ಜಿಯಾಪೋ
ಎರಡನೇ ತಿಂಗಳ ಇಪ್ಪತ್ತು (ಮಾರ್ಚ್ 18)

ಮಾಯ್‌ಸುಯಿ,

ಕೋಪ ಮಾಡ್ಕೊ, ಮಾಡ್ಕೊ. ನಿನ್ನ ಕೋಪ ಅರ್ಧ ಪುಟ ಇದೆ. ಖುಷಿ ಎರಡೇ ಸಾಲು ಇದೆ, ಆದರೆ ಆ ಎರಡು ಸಾಲಿನ ಅಕ್ಷರ ದುಂಡಗಿದೆ. ಬೀಗದ ಕೈ ವಾಪಸ್ ಕೊಟ್ಟೆ ಅಂತ ಎಲ್ಲೂ ಬರೆದಿಲ್ಲ. ನನಗೇನು, ನೋಡಿದ್ದು ಹೇಳಿದೆ.

ಅವಳ ಪರ ಮಾತಾಡಬೇಡ. ನೀನು ಹಿಟ್ಟು ಬೀಸಿಸೋಕೆ ಹೋದ ದಿನ ನಡೆದದ್ದು ನಿನಗೆ ಹೇಳಿರಲಿಲ್ಲ, ಹಬ್ಬದ ಮನೇಲಿ ಜಗಳ ಬೇಡ ಅಂತ. ಕೋಸು ತೊಳಿ ಅಂದೆ. ದೊಡ್ಡ ತಪ್ಪಲೆ ತುಂಬ ನೀರು ಬಗ್ಗಿಸಿಕೊಂಡಳು, ಅದ್ದಿದಳು, ಮಣ್ಣು ಬಿಟ್ಟಿತು, ಅಂಗಳಕ್ಕೆ ಚೆಲ್ಲಿದಳು. ನಾನು ಬಾಯಿ ತೆಗೆಯೋದರೊಳಗೆ ಇನ್ನೊಂದು ತಪ್ಪಲೆ. ಅದೂ ಚೆಲ್ಲಿತು. "ಸಾಕೇ ಹುಡುಗಿ!" ಅಂದೆ. "ಇನ್ನೂ ಬಣ್ಣ ಬಿಡ್ತಿದೆ ಅಜ್ಜಿ, ನೀರು ತಿಳಿಯಾಗೋವರೆಗೆ ತೊಳೀಬೇಕು" ಅಂತ ನಗ್ತಾ ಮೂರನೇದೂ ತುಂಬಿಸಿದಳು. ಅದು ತಿಳಿಯಾಗೇ ಇತ್ತು, ಅದನ್ನೂ ಚೆಲ್ಲಿದಳು! ನಮ್ಮ ಕತ್ತೆ ಹೆಪ್ಪುಗಟ್ಟೋ ನೆಲವನ್ನ ನೋಡಿತು, ಆಮೇಲೆ ನನ್ನ ಮುಖ ನೋಡಿತು. ಅದರ ಮುಂದೆ ನನ್ನ ಮಾನ ಹೋಯ್ತು.

ನಾವು ಒಂದು ಬಟ್ಟಲಲ್ಲಿ ಮುಖ, ಅದರಲ್ಲೇ ಕಾಲು, ಅದರಲ್ಲೇ ಹಂದಿಗೆ ಕಲಗಚ್ಚು. ಒಂದು ಕೋಸಿಗೆ ಮೂರು ತಪ್ಪಲೆ ಚೆಲ್ಲೋ ಕೈ ಇನ್ನೇನು ಮಾಡಲ್ಲ ಹೇಳು?

ಅಜ್ಜಿ


ಲಾನ್‌ಝೋ
ಏಪ್ರಿಲ್ 12, 1998

ಅಜ್ಜಿ,

ನಿಮ್ಮ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆದು ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

ಕೋಸಿನ ಕಥೆ ಓದಿ ಮೊದಲು ನಕ್ಕೆ. ಆಮೇಲೆ ಕುಡಿಯುತ್ತಿದ್ದ ಬಿಸಿನೀರಿನ ಲೋಟ ಕೆಳಗಿಟ್ಟೆ.

ನಮ್ಮ ವಿಧಾನದಲ್ಲಿ "ಮದ್ಯಸಾರದಿಂದ ತೊಳೆಯಿರಿ" ಅಂತಷ್ಟೇ ಇದೆ. ಎಷ್ಟು ಅಂತ ಇಲ್ಲ. ಎಲ್ಲರಿಗೂ ಗೊತ್ತಿರುತ್ತದೆ ಅಂತ ಬರೆದಿರುವುದಿಲ್ಲ. ನಾನು ಯಾವತ್ತೂ ಬಾಟಲಿಯ ಮುಚ್ಚಳದಲ್ಲಿ ಒಂದು ಮುಚ್ಚಳ ಹನಿಸಿ, ಪುಡಿ ಒದ್ದೆಯಾದರೆ ಮುಗಿಯಿತು ಅಂತ ನಿಲ್ಲಿಸುತ್ತಿದ್ದೆ. ಅಷ್ಟು ಸಾಕು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ, ಸಾಲದು ಅಂತ ನನಗೆ ಹೊಳೆದೂ ಇರಲಿಲ್ಲ. ಶೆನ್ ಯಾ ಕೆಳಗೆ ತೊಟ್ಟಿಕ್ಕುವ ಹನಿ ತಿಳಿಯಾಗುವವರೆಗೆ ತೊಳೆಯುತ್ತಾಳೆ. ಒಲೆ ಮುಂದೆ ಅವಳು ಕುದಿಸುವುದು ಕೇಳಿದಳು, ತಾಮ್ರ ಹಾಕುವುದು ಕೇಳಿದಳು. ತೊಳೆಯುವುದನ್ನು ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಏಡಿಯ ಕೊಂಡಿಗೆ ಸಿಗದೆ ಉಳಿದ ತಾಮ್ರದ ಉಪ್ಪು ನನ್ನ ಪುಡಿಯೊಳಗೆ ಹಾಗೇ ಇತ್ತು. ನಮ್ಮ ಕುರಿಗಳ ಗೊರಸು ಕೊಳೆತರೆ ಹಚ್ಚುವ ಮೈಲುತುತ್ತಕ್ಕೆ ಅದು ತಂಗಿ. ಕ್ರಿಮಿ ಕೊಂದದ್ದು ಅದು, ನನ್ನ ಪುಡಿ ಅಲ್ಲ. ಎಲ್ಲರೂ ಊಟಕ್ಕೆ ಹೋದಾಗ ನನ್ನದೇ ಹಳೆಯ ಪುಡಿಯನ್ನು ಹನಿ ತಿಳಿಯಾಗುವವರೆಗೆ ತೊಳೆದೆ. ಪಕ್ಕದಲ್ಲಿ ಬರೀ ತಾಮ್ರದ ಉಪ್ಪಿನ ಬಿಲ್ಲೆಯನ್ನೂ ಇಟ್ಟೆ. ಮೊದಲೇ ಇಡಬೇಕಿತ್ತು, ಇಟ್ಟಿರಲಿಲ್ಲ. ಮಾರನೇ ದಿನ ಉಪ್ಪಿನ ಸುತ್ತ ಐದು ಫೆನ್ ನಾಣ್ಯದಷ್ಟು ಬೋಳು. ತೊಳೆದ ಪುಡಿಯ ಸುತ್ತ ದಾರದೆಳೆಯಷ್ಟೂ ಇಲ್ಲ.

ಇದು ಗೊತ್ತಾಗಿ ಎರಡು ವಾರವಾಯಿತು. ಯಾರಿಗೂ ಹೇಳಿಲ್ಲ. ಶೆನ್ ಯಾಳ ಕೈ ಸರಿಯಾಗಿದೆ. ಅವಳೇ ಸರಿಯಾಗಿ ಮಾಡಿದ್ದಳು. ನಿನ್ನೆ ಸಿಂಕಿನ ಮುಂದೆ ಇಬ್ಬರೂ ಪಕ್ಕಪಕ್ಕ ನಿಂತು ಗಾಜು ತೊಳೆದೆವು. "ಬಕೆಟ್, ನನ್ನ ಕೈಗೆ ಏನಾಗಿದೆ ಹೇಳೇ" ಅಂದಳು. ನಾನು ನಲ್ಲಿ ಜೋರಾಗಿ ತಿರುಗಿಸಿದೆ.

ಲೇಖನ ತಿಂಗಳ ಕೊನೆಗೆ ಹೊರಡುತ್ತದೆ. ಜಾಗದ ತೀರ್ಮಾನ ಡ್ರ್ಯಾಗನ್ ದೋಣಿ ಹಬ್ಬದೊಳಗೆ. ನಾನು ಸುಳ್ಳೇನೂ ಬರೆದಿಲ್ಲ ಅಜ್ಜಿ, ಕಂಡದ್ದನ್ನೇ ಅಳೆದಿದ್ದೇನೆ. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಹೇಳಿದರೆ ಗೊಬ್ಬರದ ಕಾರ್ಖಾನೆ.

ಏನು ಮಾಡಲಿ?

ಮಾಯ್‌ಸುಯಿ


ಕಾಂಗ್‌ಜಿಯಾಪೋ
ಮೂರನೇ ತಿಂಗಳ ಇಪ್ಪತ್ತಾರು (ಏಪ್ರಿಲ್ 22)

ಮಾಯ್‌ಸುಯಿ,

ಮೊದಲು ನನ್ನ ನೀರಿನ ವಿಷಯ ಮುಗಿಸೋಣ. ಹಂಗಾದರೆ ನನ್ನ ಮುಖ ತೊಳೆಯೋ ಬಟ್ಟಲೇ ಕಳ್ಳ, ಅಲ್ವಾ? ಆ ಬಟ್ಟಲಲ್ಲಿ ನಿನ್ನಪ್ಪನನ್ನ ಬೆಳೆಸಿದೆ, ನಿನ್ನ ಬೆಳೆಸಿದೆ, ಎಷ್ಟು ಹಂದಿ ಬೆಳೆಸಿದೆ. ಒಂದು ಹಂದಿಯೂ ದೂರು ತಂದಿರಲಿಲ್ಲ. ಮುಖಕ್ಕೆ ಸಾಕು ಅಂದಿದ್ದೆ. ಜರ್ಮನಿಯವನ ಪುಡಿಗೆ ಸಾಕು ಅಂದಿರಲಿಲ್ಲ.

ಈಗ ನಿನ್ನ ಮಾತು. ಏನು ಮಾಡಲಿ ಅಂತ ಕೇಳಿದ್ದೀಯ. ಯಾಕೆ ಕೇಳಿದೆ ಅಂತ ನನಗೆ ಅನುಮಾನ. ಜಡೆ ಕತ್ತರಿಸಿಕೊಂಡಾಗ ನನ್ನ ಕೇಳಲಿಲ್ಲ, ಲಾನ್‌ಝೋಗೆ ಹೊರಟಾಗ ಕೇಳಲಿಲ್ಲ. ಈಗ ಕೇಳ್ತಿರೋದು, ನಾನು "ಬಾಯಿ ಮುಚ್ಕೊಂಡಿರು ಕೂಸೇ" ಅನ್ನಲಿ ಅಂತ. ನಾಳೆ ಎದೆಯೊಳಗೆ ಚುಚ್ಚಿದರೆ ಅಜ್ಜಿ ಹೇಳಿದ್ದು ಅಂದರಾಯ್ತು. ಹಳ್ಳಿ ಮುದುಕಿ, ಎರಡು ಚಳಿಗಾಲದ ಓದು, ಬಾಯಿ ಬೇರೆ ಕೆಟ್ಟದ್ದು, ಅವಳ ತಲೆಗೆ ಎಷ್ಟು ಪಾಪ ಬೇಕಾದರೂ ಹೊರಿಸಬಹುದು.

ಒಂದು ನಿಜ ಹೇಳ್ತೀನಿ. ನನ್ನ ಬಾಯಿಗೆ ಮೊದಲು ಬಂದದ್ದೂ ಅದೇ ಮಾತು. ಕಾರ್ಖಾನೆ ಗೇಟು ಕಣ್ಣ ಮುಂದೆ ಬಂತು, ನೀನು ಆ ಗೇಟೊಳಗೆ ಕೆಮ್ಮಿಕೊಂಡು ಹೋಗ್ತಿರೋದೂ ಕಂಡಿತು. ಕಾಗದಕ್ಕೆ ಹಾಳೆ ತೆಗೆದೆ, ಬರೆಯೋಕೆ ಆಗಲಿಲ್ಲ. ನಲ್ಲಿ ಜೋರಾಗಿ ತಿರುಗಿಸಿದೆ ಅಂತ ಬರೆದೆಯಲ್ಲ, ಅಲ್ಲೇ ನಿಂತೆ. ನೀರು ಹಾಳುಮಾಡೋಕೆ ನಿನಗೆ ಯಾರೇ ಕಲಿಸಿದ್ದು?

ಅದಕ್ಕೆ ಸುಮ್ಮನಿರು ಅಂತಲೂ ಹೇಳಲ್ಲ, ಹೇಳು ಅಂತಲೂ ಹೇಳಲ್ಲ. ಕುಂಬಳಕಾಯಿ ಕಳ್ಳನಿಗೆ ಹೆಗಲು ಮುಟ್ಟಿಕೊಳ್ಳೋಕೆ ಅಜ್ಜಿಯ ಅಪ್ಪಣೆ ಬೇಕಾ?

ನಾನು ಮಾಡೋದು ಇಷ್ಟು. ಆ ಹುಡುಗಿ ಮೇಲೆ ನನ್ನ ಹೆಸರು ಹಾಕಿ ಒಂದು ಮಾತು ಬರೆದು ಕಳಿಸಿದ್ದೆ. ಆ ಮಾತು ಸುಳ್ಳಾಯ್ತು. ನನ್ನ ಹೆಸರಿರೋ ಸುಳ್ಳು ಲಾನ್‌ಝೋದಲ್ಲಿ ಓಡಾಡಿಕೊಂಡಿರೋಕೆ ನಾನು ಬಿಡಲ್ಲ. ಮೇಷ್ಟ್ರಿಗೆ ಇನ್ನೊಂದು ಕಾಗದ ಬರೆದಿದ್ದೀನಿ: "ಶೆನ್ ಹುಡುಗಿ ಬಗ್ಗೆ ನಾನು ಹೇಳಿದ್ದು ತಪ್ಪು. ಅವಳ ಕೈ ಚೊಕ್ಕ. ನನ್ನ ಕಣ್ಣಾರೆ ನೋಡಿದ್ದೀನಿ." ನಿನ್ನ ಸುದ್ದಿ ಅದರಲ್ಲಿ ಒಂದಕ್ಷರ ಇಲ್ಲ. ಮುದುಕಿ ಯಾಕೆ ಮಾತು ಬದಲಿಸಿದಳು ಅಂತ ಮೇಷ್ಟ್ರು ಕೇಳಿದರೆ ಉತ್ತರ ಇರೋದು ನಿನ್ನ ಹತ್ತಿರ.

ಈ ಕಾಗದ ಇವತ್ತು ಲುವೋನ ಚೀಲಕ್ಕೆ ಹೋಗುತ್ತೆ. ಮೇಷ್ಟ್ರಿಗೆ ಬರೆದದ್ದು ಮುಂದಿನ ಸಂತೆ ದಿನ ಹೋಗುತ್ತೆ. ಮಧ್ಯೆ ಒಂದು ಸಂತೆಯಷ್ಟು ಹೊತ್ತು ನಿನಗೆ ಬಿಟ್ಟಿದ್ದೀನಿ.

ಅಜ್ಜಿ


ಲಾನ್‌ಝೋ
ಜೂನ್ 7, 1998

ಅಜ್ಜಿ,

ಹೇಳಿದೆ. ನಿಮ್ಮ ಎರಡನೇ ಕಾಗದ ಮೇಷ್ಟ್ರ ಕೈ ಸೇರುವ ಹಿಂದಿನ ದಿನ ಹೇಳಿದೆ. ಹಿಂದಿನ ದಿನವೇ. ನೀವು ನಂಬುವುದಿಲ್ಲ ಅಂತ ಗೊತ್ತು.

ಮೊದಲು ಶೆನ್ ಯಾಳಿಗೆ ಹೇಳಿದೆ. ತಟ್ಟೆ ತೋರಿಸಿದೆ. ಅದನ್ನು ಬೆಳಕಿಗೆ ಹಿಡಿದು ನೋಡಿದಳು. "ಎಷ್ಟು ದಿನದಿಂದ ಗೊತ್ತು ನಿನಗೆ?" ಅಂದಳು. ಹೇಳಿದೆ. "ಅಷ್ಟು ದಿನವೂ ನನ್ನ ಪಕ್ಕ ನಿಂತು ಗಾಜು ತೊಳೆದೆ, ಅಲ್ವಾ" ಅಂದಳು. ಬೈದಿದ್ದರೆ ಚೆನ್ನಾಗಿತ್ತು.

ಮೇಷ್ಟ್ರು ಬೈದರು. ಲೇಖನ ನಿಂತಿತು. ಬರೀ ಉಪ್ಪಿನ ಬಿಲ್ಲೆ ಇಟ್ಟು ನೋಡಿ ಅಂತ ತಾವೂ ಹೇಳಿರಲಿಲ್ಲವಲ್ಲ, ಅದಕ್ಕೇ ಇನ್ನಷ್ಟು ಜೋರಾಗಿ ಬೈದರು ಅನ್ನಿಸಿತು. ಜಾಗ ಶೆನ್ ಯಾಳಿಗೆ ಆಯಿತು. ನನ್ನ ಪದವಿ ಚಳಿಗಾಲಕ್ಕೆ ಮುಂದೆ ಹೋಗಿದೆ. ನಾಲ್ಕೂ ಲೋಹದ ಪುಡಿಗಳನ್ನು ಮೊದಲಿನಿಂದ ಮಾಡಬೇಕು. ಆಮೇಲೆ ಎಲ್ಲಿಗೆ ಅಂತ ಗೊತ್ತಿಲ್ಲ. ಕಾರ್ಖಾನೆಯೇ ಇರಬಹುದು.

ಬೀಗದ ಕೈಯನ್ನು ಅವಳ ಮೇಜಿನ ಮೇಲೆ ಇಟ್ಟೆ. ಮೂರು ದಿನ ಅದು ಅಲ್ಲೇ ಬಿದ್ದಿತ್ತು, ಅವಳು ಮುಟ್ಟಲಿಲ್ಲ. ನಾಲ್ಕನೇ ದಿನ ನಾನು ಪುಡಿ ಸೋಸುತ್ತಾ ಕೂತಿದ್ದಾಗ ಹಿಂದಿನಿಂದ ಬಂದು ಮದ್ಯಸಾರದ ಇಡೀ ಬಾಟಲಿಯನ್ನು ನನ್ನ ಮುಂದೆ ಕುಕ್ಕಿದಳು. "ಸುರಿ" ಅಂದಳು. "ಇನ್ನೂ ಸುರಿ. ಇನ್ನೂ." ಹನಿ ತಿಳಿಯಾಗುವವರೆಗೆ ಪಕ್ಕದಲ್ಲೇ ನಿಂತಿದ್ದಳು. ಅಷ್ಟೊಂದು ಹೋಗುತ್ತಿರುವುದನ್ನು ನೋಡಿ ಕೆಳಗೆ ಬಕೆಟ್ ಇಡಬೇಕು ಅನ್ನಿಸಿತು ಅಜ್ಜಿ.

ಕೋಬಾಲ್ಟಿನ ಪುಡಿಗೆ ಒಂದು ವೃತ್ತ ಬಂದಿದೆ. ಅಂಗಿಯ ಗುಂಡಿಯಷ್ಟು. ಶೆನ್ ಯಾ ಮಾಡಿದ್ದಕ್ಕೂ ಅಷ್ಟೇ ಬಂತು. ಬರೀ ಕೋಬಾಲ್ಟಿನ ಉಪ್ಪಿಗೆ ಏನೂ ಬರಲಿಲ್ಲ.

ನಿಮ್ಮ
ಮಾಯ್‌ಸುಯಿ


ಕಾಂಗ್‌ಜಿಯಾಪೋ
ಅಧಿಕ ಐದನೇ ತಿಂಗಳ ಇಪ್ಪತ್ತೆರಡು (ಜುಲೈ 15)

ಶೆನ್ ಯಾ,

ಈ ಕಾಗದ ನಿನಗೆ. ಮಾಯ್‌ಸುಯಿ ಕೈಗೆ ಕೊಡಬೇಡ. ಬರೆದವಳು ಯಾರು ಅಂತ ಅಕ್ಷರ ನೋಡಿದರೇ ತಿಳೀತದೆ, ನಿನ್ನ ಬಗ್ಗೆ ಈ ಮೊದಲೇ ಎರಡು ಬರೆದಿದ್ದೀನಿ. ಮೊದಲನೇದನ್ನು ನಿಮ್ಮ ಮೇಷ್ಟ್ರು ಎಲ್ಲರ ಮುಂದೆ ಓದಿದರಂತೆ. ಎರಡನೇದನ್ನು ಓದಿದರಾ? ಅಷ್ಟೇ ಗಟ್ಟಿಯಾಗಿ ಓದಿದರಾ? ಓದಿಲ್ಲ ಅಂದರೆ ಹೇಳು, ಬಸ್ಸು ಹತ್ತಿ ಬರ್ತೀನಿ. ನಾನೇ ಓದ್ತೀನಿ. ನನ್ನ ಅಗಸೆ ಎಣ್ಣೆಯನ್ನೂ ವಾಪಸ್ ತರ್ತೀನಿ.

ನಿನ್ನ ಮೇಲೆ ಅನುಮಾನ ಪಟ್ಟೆ. ಪಡೋಕೆ ನನಗೆ ಕಾರಣ ಇತ್ತು, ಕಾರಣ ತಪ್ಪಾಗಿತ್ತು. ಮೆತ್ತಗೆ ಮಾತಾಡೋರ ಮೇಲೆ ಮುಂದಕ್ಕೂ ಪಡ್ತೀನಿ, ಅದು ನನ್ನ ಅಭ್ಯಾಸ, ನೀನು ಜೋರಾಗಿ ಮಾತಾಡೋದು ಕಲಿ. ಮೇಷ್ಟ್ರಾಗ್ತೀಯಲ್ಲ, ಬೇಕಾಗುತ್ತೆ.

ಒಂದು ವಿಷಯ ಕೇಳಬೇಕು. ಅದಕ್ಕೇ ಬರೀತಿರೋದು. ನನ್ನ ಎರಡನೇ ಕಾಗದ ಬರೋ ಹಿಂದಿನ ದಿನವೇ ಹೇಳಿದೆ ಅಂತ ಮಾಯ್‌ಸುಯಿ ಬರೆದಿದ್ದಾಳೆ. "ಹಿಂದಿನ ದಿನವೇ" ಅಂತ ಎರಡೆರಡು ಸಲ ಬರೆದಿದ್ದಾಳೆ. ಎರಡು ಸಲ ಬರೆದದ್ದು ನನಗೆ ಸರಿ ಕಾಣಲಿಲ್ಲ. ಮೊದಲು ನಿನಗೆ ಹೇಳಿದಳಲ್ಲ, ನಿನಗೆ ಗೊತ್ತಿರುತ್ತೆ. ನಿಜವಾ? ನಿಜ ಆಗಿದ್ದರೆ ಹೊಸ ವರ್ಷಕ್ಕೆ ಅವಳನ್ನ ಕರಕೊಂಡು ಬಾ. ಸುಳ್ಳಾಗಿದ್ದರೂ ಕರಕೊಂಡು ಬಾ. ಯಾವುದು ಅಂತ ಮಾತ್ರ ನನಗೆ ಮೊದಲೇ ತಿಳಿಸು, ಬಾಗಿಲಲ್ಲಿ ಎಂಥ ಮುಖ ಇಟ್ಟುಕೊಂಡು ನಿಲ್ಲಬೇಕು ಅಂತ ತಯಾರಾಗಬೇಕು.

ಇಲ್ಲಿ ಒಳ್ಳೆ ಮಳೆ. ಬಾವಿಕುಣಿ ಕತ್ತಿನವರೆಗೆ ತುಂಬಿದೆ. ಲುವೋ ಬಗ್ಗಿ ನೋಡಿ, "ಇನ್ನು ನೀನು ದಕ್ಷಿಣದವಳೇ ಬಿಡಜ್ಜಿ" ಅಂದ. ಹೊಲದಲ್ಲಿ ಕೋಸು ಹಾಕಿದ್ದೀನಿ. ಬಂದಾಗ ನೀನೇ ತೊಳೆಯಬೇಕು. ದೊಡ್ಡ ತಪ್ಪಲೆ ತಗೋ. ಒಂದನೇ ನೀರು ಚೆಲ್ಲು, ಬೇಡ ಅನ್ನಲ್ಲ. ಎರಡನೇದೂ ಚೆಲ್ಲು, ಆ ಕಡೆ ತಿರುಗಿ ಕೂತಿರ್ತೀನಿ.

ಮೂರನೇದು ತಿಳಿಯಾಗಿರುತ್ತೆ. ಅದನ್ನ ಚೆಲ್ಲಬೇಡ. ಕತ್ತೆ ಕಾಯ್ತಿರುತ್ತೆ.

ಕಾಂಗ್‌ಜಿಯಾಪೋದ
ಮಾಯ್‌ಸುಯಿ ಅಜ್ಜಿ